ಕಲ್ಲಬಾವಿಗೆ ಹೊತ್ತ ಸೈಕಲ್ ಹರಕೆ

ಗ್ರಾಮಾಭಿವೃದ್ಧಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. "ಮೇಡಂ, ನೀವಿದ್ದಾಗ ದಾನಿಗಳಿಗೆ ಕೊಡೋ ಒಂದು ಪ್ರಪೋಸಲ್ ಎಷ್ಟು ಪುಟ ಇರ್ತಿತ್ರಿ?" ಎಂದು ಕೇಳಿದಳು. ನನಗೆ ನಗು ತಡೆಯಲಿಲ್ಲ. ನಾನು ಕಂಡ ಅತಿ ದೊಡ್ಡ ಪ್ರಪೋಸಲ್‌ಗೆ ಎರಡು ಗಾಲಿ, ಒಂದು ಗಂಟೆ, ಹಿಂದೊಂದು ಕ್ಯಾರಿಯರ್ ಇದ್ದವು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳಲು ಒಂದು ಸಂಜೆ ಸಾಲಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದನ್ನು ಬಿಟ್ಟುಬಿಡುತ್ತೇನೆ. ಅದನ್ನು ಕೇಳಿ ಯಾರಿಗೂ ಹೊಟ್ಟೆ ತುಂಬುವುದಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಆಗ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ನಮ್ಮ ಸಂಸ್ಥೆಗೆ ಕೊಪ್ಪಳದಲ್ಲಿ ಎರಡು ಕೋಣೆಯ ಆಫೀಸು, ತಳ್ಳಿದರೆ ಮಾತ್ರ ಚಾಲೂ ಆಗುವ ಒಂದು ಜೀಪು ಮತ್ತು ಅನಂತಯ್ಯ ಎಂಬ ಕಾರ್ಯದರ್ಶಿ ಇದ್ದರು. ಅನಂತಯ್ಯ ಸರ್ ಮೈಸೂರು ಕಡೆಯವರು. ಸೊಟ್ಟ ಗೆರೆ ಕಂಡರೆ ಊಟ ಸೇರದಷ್ಟು ಶಿಸ್ತಿನ ಮನುಷ್ಯ. ನಾನು ಯಲಬುರ್ಗಾದವಳು. ಹೆಸರು ಗಿರಿಜಾ, ಹಳ್ಳಿಯವರಿಗೆ ಗಿರಿಜಕ್ಕ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುತ್ತಿದ್ದ ವಯಸ್ಸು.

ಕುಷ್ಟಗಿ ತಾಲ್ಲೂಕಿನ ಕಲ್ಲಬಾವಿಗೆ ನಾನು ಮೊದಲ ಸಲ ಹೋದದ್ದು ಬೇಸಿಗೆಯ ಬಾಯಲ್ಲಿ. ಹೊಲಗಳಲ್ಲಿ ಜೋಳ ಕೊಯ್ಲಿಗೆ ನಿಂತಿದೆ, ಊರಲ್ಲಿ ನೋಡಿದರೆ ಜನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಸೋಮಾರಿಗಳ ಊರು ಎಂದುಕೊಂಡೆ. ಹನುಮವ್ವ ಎಂಬ ನಡುವಯಸ್ಸಿನಾಕೆಯ ಮನೆಯ ಮುಂದೆ ನಿಂತಾಗ ಗೊತ್ತಾಯಿತು. ಆಕೆಯ ಮೀನಖಂಡದ ಗಾಯದಿಂದ ಬಿಳಿಯ ದಾರದಂಥದ್ದೊಂದು ಹೊರಗೆ ಬಂದಿತ್ತು. ಅದನ್ನು ಬೇವಿನ ಕಡ್ಡಿಯೊಂದಕ್ಕೆ ಸುತ್ತಿ, ಕಡ್ಡಿಯನ್ನು ಕಾಲಿಗೆ ಕಟ್ಟಿಕೊಂಡಿದ್ದಳು. ಅದು ದಾರವಲ್ಲ, ಜೀವಂತ ಹುಳ. ನಾರುಹುಣ್ಣು.

"ದಿನಾ ಒಂದ ಸುತ್ತು ಸುತ್ತಬೇಕ್ರಿ ಅಕ್ಕಾರ," ಎಂದಳು ಹನುಮವ್ವ. "ಅವಸರ ಮಾಡಿ ಎಳದ್ರ ಹರೀತೈತಿ. ಹರದ್ರ ಕಾಲ ಕುಂಬಳಕಾಯಿ ಆಗತೈತಿ. ಮೂರು ವರ್ಷಾತು, ಸುಗ್ಗಿ ಬಂದ ಕೂಡ್ಲೇ ಇದೂ ಬರತೈತಿ. ಮಂದಿ ತೆನಿ ಕೊಯ್ತಾರ, ನಾ ಇಲ್ಲಿ ನಾರು ಸುತ್ತಕೋತ ಕುಂಡ್ರತೀನಿ."

ಕಾರಣ ಊರ ನಡುವೆಯೇ ಇತ್ತು. ಅದು ಮೆಟ್ಟಿಲಿನ ಬಾವಿ. ನೀರಿಗೆ ಬಂದವರು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು. ಹುಣ್ಣಿನ ಉರಿಗೆ ತಣ್ಣೀರು ಹಿತ. ಆದರೆ ಕಾಲು ನೀರಿಗೆ ತಾಗಿದೊಡನೆ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಅದೇ ನೀರು ಎಲ್ಲರ ಹೊಟ್ಟೆಗೆ ಹೋಗುತ್ತದೆ, ವರ್ಷ ತುಂಬುವಾಗ ಮತ್ತೆ ಯಾರ್‍ಯಾರದೋ ಕಾಲಿನಿಂದ ಹೊರಬರುತ್ತದೆ. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಮೇಲೆ ಹಗ್ಗ ಎಳೆಯುವ ಗಡಗಡಿ ಹಾಕಿ ಸೇದುವ ಬಾವಿ ಮಾಡಿಬಿಟ್ಟರೆ ಹುಳದ ದಾರಿ ಬಂದ್.

ಊರ ಗೌಡರು ಒಪ್ಪಿದರು, ಒಂದು ಷರತ್ತಿನ ಮೇಲೆ. "ಕಲ್ಲು ನಮ್ಮದು, ಆಳು ನಮ್ಮದು. ಸಿಮೆಂಟು, ಗಡಗಡಿ, ಗೌಂಡಿ ಕೂಲಿ ನಿಮ್ಮದು. ಬರೋ ವರ್ಷದ ಯುಗಾದಿ ಒಳಗ ಸಾಮಾನು ಬರಬೇಕು. ಯುಗಾದಿ ದಾಟಿದ್ರ ಅರ್ಧ ಊರು ನೀರಾವರಿ ಕಡೆ ದುಡ್ಯಾಕ ಹೋಗತೈತಿ. ಆಮ್ಯಾಲೆ ಮತ್ತೊಂದು ವರ್ಷ ಈ ನೀರ ಕುಡ್ಯೂದು."

ಮತ್ತೊಂದು ವರ್ಷ ಎಂದರೆ ಹನುಮವ್ವನ ಕಾಲಿಗೆ ಮತ್ತೊಂದು ಕಡ್ಡಿ. ಆಫೀಸಿನಲ್ಲಿ ಹಣವಿರಲಿಲ್ಲ.

ಆಗಲೇ ಅನಂತಯ್ಯ ಸರ್ ಎಲ್ಲಿಂದಲೋ ಒಂದು ಹೊಸ ವಿಚಾರ ಹೊತ್ತು ತಂದರು. ನಾವು ನಾಲ್ಕು ತಾಲ್ಲೂಕು ಸುತ್ತಿ ಸೈಕಲ್ ತುಳಿಯುವುದು, ನಮ್ಮಲ್ಲಿ ಒಬ್ಬೊಬ್ಬರೂ ತುಳಿದ ಪ್ರತಿ ಮೈಲಿಗೆ ಇಂತಿಷ್ಟು ಎಂದು ದಾನಿಗಳು ಕೊಡುವುದು. "ಹೊರದೇಶದಲ್ಲಿ ಹೀಗೇ ಆಸ್ಪತ್ರೆ ಕಟ್ಟುತ್ತಾರಂತೆ, ಗಿರಿಜಾ," ಎಂದರು. ನನಗೆ ಕೇಳಿದ ಕ್ಷಣವೇ ಮೈ ಜುಂ ಎಂದಿತು. ಸೈಕಲ್ ಹೊಡೆಯಲು ಬರುವುದಿಲ್ಲ ಎನ್ನುವುದು ಆಮೇಲೆ ನೆನಪಾಯಿತು.

ಕಲಿಸಿದವರು ಭಾಗ್ಯನಗರದ ಖಾಜಾಸಾಬರು. ಬಾಡಿಗೆ ಸೈಕಲ್ ಅಂಗಡಿ ಅವರದು. ಸೈಕಲ್ಲುಗಳನ್ನು ಹೆಣ್ಣುಮಕ್ಕಳಂತೆ ಸಾಕಿದ್ದರು, ಹೊರಗೆ ಕಳಿಸಲು ಮನಸ್ಸೇ ಬಾರದು. ಆಫೀಸಿನ ಜವಾನ ಬಸಪ್ಪನಿಗೆ ಮತ್ತು ನನಗೆ ಎರಡು ಸೈಕಲ್ ಕೇಳಿದಾಗ ಗಡ್ಡ ಕೆರೆದುಕೊಂಡು ಹೇಳಿದರು: "ಬಾಡಿಗಿ ಬ್ಯಾಡ ಬೇಟಿ. ಪುಣ್ಯದ ಕೆಲಸ. ಆದ್ರ ಗಾಡಿ ಜೋಡಿ ನಾನೂ ಬರ್ತೀನಿ. ನಿಮ್ಮ ಕೈಯಾಗ ಕೊಟ್ಟು ಮನ್ಯಾಗ ಕುಂತ್ರ ನನಗ ನಿದ್ದಿ ಹತ್ತಂಗಿಲ್ಲ." ಹೀಗೆ ನಾವು ಮೂವರು ಸವಾರರಾದೆವು. ಸರ್ ಮಾತ್ರ ಮೈಕು ಹಿಡಿದು ಜೀಪಿನಲ್ಲಿ ಡ್ರೈವರ್ ಪಕ್ಕ ಕುಳಿತು ಬರುವುದೆಂದಾಯಿತು. ಅಧಿಕಾರಿಗಳು ಸೈಕಲ್ ತುಳಿದರೆ ಸಂಸ್ಥೆಯ ಘನತೆಗೆ ಕುಂದು ಎಂದು ಅವರೇ ತೀರ್ಮಾನಿಸಿದ್ದರು.

ದಾನಿಗಳನ್ನು ಹುಡುಕಲು ಹೊರಟಾಗ ಮೊದಲ ಪಾಠ. ಆ ಕಾಲದಲ್ಲಿ ನಮ್ಮ ಕಡೆ ಸೈಕಲ್ ಆಟದವರು ಬರುತ್ತಿದ್ದರು. ಬಯಲಲ್ಲಿ ಕಂಬ ನೆಟ್ಟು, ಹಗಲು ರಾತ್ರಿ ಕೆಳಗಿಳಿಯದೆ ಸುತ್ತುತ್ತ, ಸೈಕಲ್ ಮೇಲೆಯೇ ಸ್ನಾನ ಮಾಡಿ, ಎದೆಗೆ ಟ್ಯೂಬ್‌ಲೈಟ್ ಒಡೆದುಕೊಳ್ಳುವವರು. ನಾವೂ ಅವರ ಪೈಕಿ ಎಂದುಕೊಂಡರು. ಕೊಪ್ಪಳದ ಕಿರಾಣಿ ವ್ಯಾಪಾರಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಂಗಿ, ನೀ ಟ್ಯೂಬ್‌ಲೈಟ್ ಒಡಕೋತಿಯೋ, ಆ ಸಾಬ್ರೋ?" ಎಂದು ಕೇಳಿದರು. "ಬಾವಿ ಕೆಲಸ ಆಗಲಿಲ್ಲಂದ್ರ ಸರ್ ತಲಿಗೆ ಒಡೀತೀನ್ರಿ," ಎಂದೆ. ಅವರು ನಕ್ಕು ಒಪ್ಪಿಕೊಂಡರು. ಮಕ್ಕಳೇ, ನೆನಪಿಡಿ, ನಕ್ಕವರು ಕೊಡುತ್ತಾರೆ. ಮರುಗಿದವರು "ಪಾಪ" ಎಂದು ಹೇಳಿ ಒಳಗೆ ಹೋಗುತ್ತಾರೆ.

ದೊಡ್ಡ ಮಾತು ಕೊಟ್ಟವರು ಗಂಗಾವತಿಯ ಅಕ್ಕಿ ಗಿರಣಿಯ ರಾವ್ ಸಾಹುಕಾರರು. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರು. ಉಳಿದೆಲ್ಲ ದಾನಿಗಳು ಸೇರಿ ಕೊಡುವುದಕ್ಕಿಂತ ಹೆಚ್ಚು ಅವರೊಬ್ಬರೇ ಒಪ್ಪಿದರು. ಆದರೆ ಬೆರಳೆತ್ತಿ ಹೇಳಿದರು: "ಚೂಡಮ್ಮಾ, ನೋಡಮ್ಮಾ, ನಿಮ್ಮ ಕಾಲು ತುಳಿದ ಮೈಲಿಗೆ ನನ್ನ ರೊಕ್ಕ. ಲಾರಿ, ಬಸ್ಸು, ಬಂಡಿ, ಯಾವುದಾಗರ ಕುಂತು ಹೋದ ಮೈಲಿಗೆ ಏನೂ ಇಲ್ಲ." ಅನಂತಯ್ಯ ಸರ್ ಎದೆಯುಬ್ಬಿಸಿ, "ನಾವು ಅಂಥವರಲ್ಲ," ಎಂದರು.

ಹೊರಟ ದಿನ ನೆನೆದರೆ ಈಗಲೂ ಕಾಲುಗಳು ತುಳಿಯಲು ಹವಣಿಸುತ್ತವೆ. ಖಾಜಾಸಾಬರು ಮೂರೂ ಸೈಕಲ್ಲಿಗೆ ಎಣ್ಣೆ ಹಾಕಿ, ಹ್ಯಾಂಡಲ್ಲಿಗೆ ಚೆಂಡುಹೂ ಕಟ್ಟಿದ್ದರು. ಜೀಪಿನಲ್ಲಿ ಸರ್, "ಮಾನ್ಯ ನಾಗರಿಕ ಬಂಧುಗಳೇ" ಎನ್ನುತ್ತಿದ್ದರು. ಹನುಮನಹಳ್ಳಿಯ ಹತ್ತಿರ ಬಂಡೆಗಳ ನಡುವಿನ ರಸ್ತೆಯಲ್ಲಿ ಗಾಳಿ ಬೆನ್ನಿಗೆ ಬಿತ್ತು. ಒಂದು ಕಡೆ ಬಾಳೆತೋಟ, ಒಂದು ಕಡೆ ಗದ್ದೆ, ಗಾಲಿ ತಾನಾಗಿ ಓಡುತ್ತಿದೆ. ಸೀರೆಯ ನೆರಿಗೆ ಚೈನಿಗೆ ಸಿಗದಂತೆ ಕಚ್ಚೆ ಹಾಕಿದ್ದೆ. ಹೆಂಗಸೊಬ್ಬಳು ಸೈಕಲ್ ಮೇಲೆ ಬರುವುದನ್ನು ಕಂಡು ಗದ್ದೆಯಲ್ಲಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಒಬ್ಬಾಕೆ, "ಯಕ್ಕಾ, ಬೀಳಬ್ಯಾಡ ನೋಡವ್ವ," ಎಂದು ಕೂಗಿದಳು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಯಜಮಾನರೂ ಓದುತ್ತಾರೆ, ಓದಲಿ.

ಗಂಗಾವತಿ ದಾಟಿ ಕನಕಗಿರಿಯ ಹಾದಿಯಾಗಿ ಹುಲಿಹೈದರ ಮುಟ್ಟಿದೆವು. ತೊಂದರೆ ಶುರುವಾದದ್ದು ಅಲ್ಲಿ. ತೊಂದರೆ ಎಂದರೆ ಮರ್ಯಾದೆ.

ಊರಿನ ಅಗಸಿ ಬಾಗಿಲಲ್ಲೇ ಹಲಗೆ ಬಾರಿಸಿಕೊಂಡು ಕಾದಿದ್ದರು. ಹಾರ, ಮಂಡಕ್ಕಿ, ಮಿರ್ಚಿ, ಚಹಾ. ಬೀಳ್ಕೊಡುವಾಗ ನೋಡುತ್ತೇವೆ, ಎರಡು ಎತ್ತಿನ ಗಾಡಿ ಸಿಂಗರಿಸಿ ನಿಲ್ಲಿಸಿದ್ದಾರೆ. ಬಂದ ಅತಿಥಿಯನ್ನು ಊರ ಸೀಮೆಯ ತನಕ ಗಾಡಿಯಲ್ಲಿ ಕಳಿಸಿಬರುವುದು ನಮ್ಮ ಕಡೆಯ ಪದ್ಧತಿ. ನಾವು ಬಾಯಿ ತೆರೆಯುವುದರೊಳಗೆ ಸೈಕಲ್ಲುಗಳು ಗಾಡಿ ಏರಿದ್ದವು. "ಬ್ಯಾಡ್ರಿ ಯಜಮಾನ್ರ, ನಾವು ತುಳೀಬೇಕು," ಎಂದೆ. ಊರ ಹಿರಿಯರೊಬ್ಬರು ತಲೆಗೆ ಸುತ್ತಿದ್ದ ಪಟಗ ಸರಿಮಾಡಿಕೊಂಡು, "ಅಲ್ಲಬೇ ತಂಗಿ, ಕೊಪ್ಪಳದಿಂದ ತುಳಕೋತ ಬಂದೀರಿ. ನಮ್ಮ ಸೀಮ್ಯಾಗ ನಿಮ್ಮನ್ನ ತುಳಸಿದ್ರ ಮಂದಿ ನಮ್ಮ ಮಾರಿಗೆ ಉಗುಳತಾರ," ಎಂದರು. ಬಸಪ್ಪ ಆಗಲೇ ಗಾಡಿಯಲ್ಲಿ ಹುಲ್ಲಿನ ಮೇಲೆ ಒರಗಿದ್ದ.

ಸೀಮೆಯಲ್ಲಿ ಮುಂದಿನ ಊರಿನ ಗಾಡಿಗಳು ಕಾದಿದ್ದವು. ಸುದ್ದಿ ನಮಗಿಂತ ಮುಂದೆ ಓಡಿತ್ತು. ಹುಲಿಹೈದರದವರು ಎರಡು ಗಾಡಿ ಕಟ್ಟಿದರೆ ಇವರು ಮೂರು ಕಟ್ಟಿದ್ದರು. ಅದರ ಮುಂದಿನ ಊರಿನವರು ಬಾಜಾ ತರಿಸಿದ್ದರು. ಊರಿಂದ ಊರಿಗೆ ಹೀಗೆ ಕೈಬದಲಾಗುತ್ತ ಹೋದೆವು. ಪೆಡಲಿಗೆ ಕಾಲು ತಾಗಲಿಲ್ಲ. ಹಿಂದೆ ಜೀಪಿನಲ್ಲಿ ಅನಂತಯ್ಯ ಸರ್ ಮುಖ ಹುಣಸೆಹಣ್ಣು ತಿಂದಂತಾಗಿತ್ತು.

ತಾವರಗೇರಾದ ಹತ್ತಿರ ಗಾಡಿ ಇಳಿದಾಗ ಸರ್ ಹೇಳಿದರು: "ಇಷ್ಟು ದೂರಕ್ಕೂ ರಾವ್ ಸಾಹುಕಾರರು ಕೊಡುವುದಿಲ್ಲ. ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ತುಳಿದಿಲ್ಲ ಎಂದರೆ ತುಳಿದಿಲ್ಲ."

"ಸರ್, ಹಂಗಾದ್ರ ಸಿಮೆಂಟು ಕಡಿಮಿ ಬೀಳತೈತ್ರಿ," ಎಂದೆ. ಕಟ್ಟೆ ಅರ್ಧಕ್ಕೆ ನಿಲ್ಲುವುದು ಕಣ್ಣಿಗೆ ಕಟ್ಟಿತು. ಯುಗಾದಿ ಹತ್ತಿರವಿತ್ತು. ಅರ್ಧ ಕಟ್ಟಿದ ಬಾವಿಗೆ ಜನ ಮತ್ತೆ ಇಳಿಯುತ್ತಾರೆ.

ಖಾಜಾಸಾಬರು ಟೈರು ಒತ್ತಿ ನೋಡುತ್ತ, "ಹೊಳ್ಳಿ ಹೋಗೂಣು ಬೇಟಿ. ಹುಲಿಹೈದರಕ್ಕ ಹೋಗಿ, ಅಲ್ಲಿಂದ ತುಳಕೋತ ಬರೂಣು," ಎಂದರು. ಬಸಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ಹಿಂದಕ್ಕೆ ತುಳಿಯುವ ಮೈಲಿ ಲೆಕ್ಕಕ್ಕಿಲ್ಲ ಎಂದು ಸರ್ ಮೊದಲೇ ಹೇಳಿಬಿಟ್ಟರು. ನಾವು ಸೈಕಲ್ ತಿರುಗಿಸಿದೆವು.

ಹುಲಿಹೈದರದವರು ನಮ್ಮನ್ನು ಮತ್ತೆ ಕಂಡು ಏನೆಂದುಕೊಂಡಿರಬಹುದು ಹೇಳಿ. ಅವರ ಮಿರ್ಚಿಯ ರುಚಿಗೆ ಸೋತು ಬಂದಿದ್ದೇವೆ ಎಂದುಕೊಂಡರು. ಮತ್ತೆ ಹಲಗೆ, ಮತ್ತೆ ಹಾರ. ಮತ್ತೆ ಎತ್ತುಗಳ ಕೊರಳಿಗೆ ಗೆಜ್ಜೆ. ಗಾಡಿ ಬಂದು ನಿಂತಾಗ ನನ್ನ ಸಿಟ್ಟು ನೆತ್ತಿಗೇರಿತು. ಸೈಕಲ್ ಎತ್ತಲು ಬಂದವರ ಮುಂದೆ ಅಡ್ಡ ನಿಂತು ಆ ಹಿರಿಯರನ್ನು ಕೇಳಿದೆ:

"ಯಜಮಾನ್ರ, ಹುಲಿಗೆಮ್ಮಗ ದೀಡ ನಮಸ್ಕಾರ ಹಾಕ್ಕೋತ ಹೊಂಟಾಕಿನ್ನ ಎತ್ತಿ ಗಾಡ್ಯಾಗ ಕುಂಡ್ರಸ್ತೀರೇನ್ರಿ?"

ಉದ್ದಕ್ಕೆ ಮಲಗಿ, ಎದ್ದು, ಮತ್ತೆ ಮಲಗಿ ನೆಲ ಅಳೆಯುತ್ತ ದೇವಿಯ ಗುಡಿಗೆ ಹೋಗುವ ಆ ಹರಕೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. ಹರಕೆ ಹೊತ್ತವರನ್ನು ಮುಟ್ಟಿ ಎತ್ತುವುದು ಮಹಾಪಾಪ. ಹಲಗೆ ನಿಂತಿತು. ಹಿರಿಯರು ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು.

"ಹರಕಿ ಏನಬೇ ಇದು?"

"ಹೌದ್ರಿ. ಕಲ್ಲಬಾವಿ ಗಂಗಮ್ಮಗ ಹೊತ್ತ ಹರಕಿ. ತುಳದಷ್ಟ ಮುಟ್ಟತೈತಿ, ಗಾಡ್ಯಾಗ ಕುಂತದ್ದು ಮುಟ್ಟಂಗಿಲ್ಲ."

"ಮೊದಲ ಹೇಳಬಾರದನವ್ವ," ಎಂದವರೇ ಹಿರಿಯರು ಗಾಡಿಯವನಿಗೆ ಕೈ ಬೀಸಿದರು. "ಕೊಳ್ಳ ಹರಿಯೋ ಎತ್ತಿಂದು, ಗಾಡಿ ಬ್ಯಾಡ."

ಸರ್ ನನ್ನನ್ನು ಜೀಪಿನ ಹಿಂದೆ ಕರೆದರು. "ಗಿರಿಜಾ, ಸುಳ್ಳು ಹೇಳಿದಿರಲ್ಲ?" "ಯಾವುದು ಸುಳ್ರಿ ಸರ್? ಇದು ಹರಕಿ ಅಲ್ಲಂದ್ರ ಮತ್ತ ಏನಂತ ನೀವ ಹೇಳ್ರಿ," ಎಂದೆ. ಅವರು ಕನ್ನಡಕ ಒರೆಸಿಕೊಂಡು ಜೀಪು ಹತ್ತಿದರು.

ಅಲ್ಲಿಂದ ಮುಂದೆ ರಸ್ತೆಯೇ ಬೇರೆಯಾಯಿತು. ಹರಕೆಯ ಸೈಕಲ್ ಬರುತ್ತದೆ ಎಂದು ಊರೂರಿಗೆ ಹಬ್ಬಿತು. ಹೆಂಗಸರು ಕೊಡ ಹಿಡಿದು ನಿಂತು ನಮ್ಮ ಗಾಲಿಗೆ ನೀರು ಹಾಕಿ ಕೈಮುಗಿದರು. ಖಾಜಾಸಾಬರು, "ಚೈನಿಗೆ ಹಾಕಬ್ಯಾಡ್ರಿ ತಾಯಿ, ಜಂಗು ಹಿಡೀತೈತಿ," ಎಂದು ಕೂಗಿಕೊಂಡರೂ ಕೇಳುವವರಿಲ್ಲ. ಹರಕೆ ಎಂದ ಮೇಲೆ ನಿಯಮಗಳೂ ಬಂದವು. ಚಪ್ಪಲಿ ಹಾಕುವಂತಿಲ್ಲ ಎಂದು ಒಂದು ಊರಲ್ಲಿ ನಮ್ಮ ಮೂವರ ಚಪ್ಪಲಿಗಳನ್ನೂ ಜೀಪಿಗೆ ಹಾಕಿಸಿದರು. ಬರಿಗಾಲಲ್ಲಿ ಪೆಡಲ್ ತುಳಿದು ನೋಡಿ, ಆಗ ಗೊತ್ತಾಗುತ್ತದೆ. ಬಸಪ್ಪ, "ಅಕ್ಕಾರ, ನೀವು ಉಪವಾಸ ಐತಿ ಅಂತ ಹೇಳಲಿಲ್ಲಲ್ಲ, ಅಷ್ಟ ಪುಣ್ಯ," ಎಂದ. ಹಣವಿಲ್ಲದವರು ಸೇರು ಜೋಳ, ಪಡಿ ಶೇಂಗಾ ತಂದು ಜೀಪಿಗೆ ಸುರಿದರು. ಸರ್ ಕಾಳಿನ ಚೀಲಗಳ ನಡುವೆ ಮೈಕು ಹಿಡಿದು ಮುದುರಿ ಕುಳಿತರು.

ಕುಷ್ಟಗಿಯ ಈಚೆ ಒಂದು ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು. ಗದ್ದೆಯ ಆ ತಾಯಿಯ ಮಾತು ಕೇಳಿದ್ದರೆ ಚೆನ್ನಾಗಿತ್ತು, ಬಿದ್ದೆ. ಪಾದ ಹೊರಳಿ, ನಿಲ್ಲಲಾಗದಷ್ಟು ಊದಿಕೊಂಡಿತು. ರಸ್ತೆಬದಿಯ ಹೊಲದಿಂದ ಜನ ಓಡಿಬಂದರು. ಇನ್ನು ಮುಂದೆ ಇಬ್ಬರೇ ಸವಾರರು, ಮೂರರಲ್ಲಿ ಒಂದು ಪಾಲು ಹಣ ಹೋಯಿತು ಎಂದು ನಾನು ಅಳುತ್ತಿದ್ದೆ. ನೋವಿಗಿಂತ ಅದೇ ಹೆಚ್ಚು ಉರಿಯುತ್ತಿತ್ತು.

ಕಣ್ಣೀರು ಕಂಡ ಒಬ್ಬ ಅಜ್ಜಿ, "ಅಳಬ್ಯಾಡ ಬಿಡವ್ವ. ಹರಕಿ ಹೊತ್ತಾಕಿ ಬಿದ್ರ ಮನ್ಯಾಗಿನ ಹಿರ್‍ಯಾರು ಪೂರಾ ಮಾಡತಾರ. ನಿಮ್ಮ ಪೈಕಿ ಹಿರ್‍ಯಾರು ಯಾರದಾರ?" ಎಂದಳು.

ಎಲ್ಲರೂ ಜೀಪಿನ ಕಡೆ ತಿರುಗಿದರು.

ಅನಂತಯ್ಯ ಸರ್ ಮೊದಲು ಎಡಕ್ಕೆ ನೋಡಿದರು, ಆಮೇಲೆ ಬಲಕ್ಕೆ. ಘನತೆಯ ವಿಷಯ ತೆಗೆಯಲು ಅಲ್ಲಿ ಸಂದರ್ಭವಿರಲಿಲ್ಲ. ಅಜ್ಜಿ ಅವರ ಕೈ ಹಿಡಿದು ಇಳಿಸಿಕೊಂಡಳು, "ಚಪ್ಪಲ ಬಿಡಪಾ," ಎಂದಳು. ಸರ್ ಚಪ್ಪಲಿ ಬಿಟ್ಟು, ಪಂಚೆ ಮೇಲೆತ್ತಿ ಕಟ್ಟಿ ನನ್ನ ಸೈಕಲ್ ಏರಿದರು. ಮೊದಲ ಫರ್ಲಾಂಗು ತೂರಾಡಿದರು. ಆಮೇಲೆ ನೋಡಬೇಕಿತ್ತು ಆ ಮನುಷ್ಯನನ್ನು. ಹುಡುಗನಾಗಿದ್ದಾಗ ಸೈಕಲ್ ರೇಸಿನಲ್ಲಿ ಗೆದ್ದವರಂತೆ, ಅಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನು ಜೀಪಿನಲ್ಲಿ ಕಾಲು ಚಾಚಿ ಮೈಕು ಹಿಡಿದೆ. "ಸರ್, ಇನ್ನಷ್ಟು ಜೋರಾಗಿ ತುಳಿಯಿರಿ, ಸಂಸ್ಥೆಯ ಘನತೆಯ ಪ್ರಶ್ನೆ," ಎಂದು ದಾರಿಯುದ್ದಕ್ಕೂ ಘೋಷಿಸಿದೆ. ನನ್ನ ಇಡೀ ನೌಕರಿಯಲ್ಲಿ ಮೇಲಧಿಕಾರಿಯನ್ನು ಓಡಿಸಿದ್ದು ಅದೊಂದೇ ಸಲ.

ಕಲ್ಲಬಾವಿಯ ಅಗಸಿಯಲ್ಲಿ ಇಡೀ ಊರು ನಿಂತಿತ್ತು. ಕೋಲೂರಿಕೊಂಡು ಹನುಮವ್ವನೂ ಬಂದಿದ್ದಳು. ಆಕೆಯ ಕಾಲಿಗೆ ಆ ವರ್ಷದ ಕಡ್ಡಿ ಆಗಲೇ ಬಂದಿತ್ತು. ಜೀಪಿನಿಂದ ಕುಂಟುತ್ತ ಇಳಿದ ನನ್ನನ್ನು ನೋಡಿ, "ಅಕ್ಕಾರ, ನೀವೂ ನನ್ನಂಗ ಆದ್ರೆಲ್ಲ," ಎಂದು ನಕ್ಕಳು. ನಾವಿಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ಬಾವಿಯ ತನಕ ನಡೆದೆವು. ಆಕೆ ಮೆಟ್ಟಿಲುಗಳನ್ನು ನೋಡುತ್ತ ಕೈಮುಗಿದು ಬಾಯೊಳಗೇ ಏನೋ ಅಂದುಕೊಂಡಳು.

ಅಲ್ಲಿಂದ ಯಲಬುರ್ಗಾ ಮುಟ್ಟಿ ಕೊಪ್ಪಳಕ್ಕೆ ಮರಳುವ ತನಕ ಸರ್ ಸೈಕಲ್ ಬಿಟ್ಟುಕೊಡಲಿಲ್ಲ. ಯಲಬುರ್ಗಾದಲ್ಲಿ ನಮ್ಮವ್ವ ಅವರ ಬರಿಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿ, "ಎಂಥಾ ಸಾಹೇಬರು ಸಿಕ್ಕಾರ ನಿನಗ, ಸುಮ್ನ ಬೈಕೋತ ಇದ್ದಿ," ಎಂದು ಎಲ್ಲರೆದುರು ನನ್ನ ಮರ್ಯಾದೆ ತೆಗೆದಳು. ರಾವ್ ಸಾಹುಕಾರರಿಗೆ ಗಾಡಿಯ ಸಂಗತಿ, ತಿರುಗಿ ಹೋದ ಸಂಗತಿ ಎರಡನ್ನೂ ಸರ್ ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ಪೂರ್ತಿ ಕೇಳಿ, ಮಾತು ಕೊಟ್ಟದ್ದನ್ನು ಕೊಟ್ಟು, ಗಡಗಡಿಯನ್ನು ಬೇರೆಯಾಗಿ ತಾವೇ ಕಳಿಸಿದರು. ಯುಗಾದಿಯ ಬೇವುಬೆಲ್ಲ ಹಂಚುವ ಹೊತ್ತಿಗೆ ಕಲ್ಲಬಾವಿಯ ಮೆಟ್ಟಿಲು ಮುಚ್ಚಿ, ಎದೆಮಟ್ಟದ ಕಟ್ಟೆ ಎದ್ದಿತ್ತು.

ಇಲ್ಲಿಗೆ ಕಥೆ ಮುಗಿಯಿತೆಂದು ಚಪ್ಪಾಳೆ ತಟ್ಟಬೇಡಿ. ಮುಂದಿನ ಬೇಸಿಗೆಯಲ್ಲೂ ಹನುಮವ್ವನಿಗೆ ಹುಳ ಬಂತು. ಹಿಂದಿನ ವರ್ಷ ಕುಡಿದ ನೀರಿನದು ಅದು, ವರ್ಷ ತುಂಬಿದ ಮೇಲೆಯೇ ಹೊರಬರುವುದು ಎಂದು ಮೊದಲೇ ಹೇಳಿದ್ದೆವು. ಆದರೆ ನೋಯುವ ಕಾಲಿಗೆ ಲೆಕ್ಕ ತಿಳಿಯುವುದಿಲ್ಲ. ಊರಿಗೆ ಹೋದಾಗ ಗೌಡರು ಮುಖ ಕೊಟ್ಟು ಮಾತಾಡಲಿಲ್ಲ. "ಮೆಟ್ಟಲ ಮುಚ್ಚಿಸಿ ಗಂಗಮ್ಮನ್ನ ಕಟ್ಟಿಹಾಕಿದ್ರಿ," ಎಂದು ಯಾರೋ ಅಂದರು. ಹನುಮವ್ವ ಮಾತ್ರ ಬೈಯಲಿಲ್ಲ. ಕಡ್ಡಿ ಸುತ್ತುತ್ತ, "ಇನ್ನೊಂದು ವರ್ಷ ನೋಡೂಣು ಬಿಡ್ರಿ," ಎಂದಳು. ಆ ವರ್ಷದುದ್ದಕ್ಕೂ ನನಗೆ ಅನ್ನ ರುಚಿಸಲಿಲ್ಲ. ನಮ್ಮ ಕೆಲಸದಲ್ಲಿ ಅತಿ ಕಷ್ಟದ್ದು ಸೈಕಲ್ ತುಳಿಯುವುದಲ್ಲ, ಹಣ ಎತ್ತುವುದೂ ಅಲ್ಲ, ಹೀಗೆ ಕಾಯುವುದು. ಇದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ.

ಮರುವರ್ಷ ಸುಗ್ಗಿ ಮುಗಿದು ಬಿಸಿಲು ಏರಿದ ಒಂದು ಬೆಳಿಗ್ಗೆ ಭಾಗ್ಯನಗರದಿಂದ ಬಸಪ್ಪ ಓಡಿಬಂದ. "ಅಕ್ಕಾರ, ಲಗೂ ಬರ್ರಿ. ಖಾಜಾಸಾಬ್ರ ಅಂಗಡ್ಯಾಗ ಗದ್ದಲ ಆಗೇತಿ."

ಹೋಗಿ ನೋಡಿದರೆ ಅಂಗಡಿಯ ಮುಂದೆ ಹನುಮವ್ವ. ಕೋಲಿರಲಿಲ್ಲ. ನನ್ನನ್ನು ಕಂಡವಳೇ ನಟ್ಟನಡು ಬೀದಿಯಲ್ಲಿ ಸೀರೆಯನ್ನು ಮೊಣಕಾಲ ತನಕ ಎತ್ತಿ ಎರಡೂ ಕಾಲು ತೋರಿಸಿದಳು. ಹಳೆಯ ಕಲೆಗಳಿದ್ದವು. ಹೊಸದು ಒಂದೂ ಇರಲಿಲ್ಲ.

"ಊರಾಗ ಯಾರಿಗೂ ಬಂದಿಲ್ರಿ ಈ ಸಲ," ಎಂದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಾಚಿಕೆಯಿಲ್ಲದೆ ಅತ್ತೆ.

ಖಾಜಾಸಾಬರು ಗಡ್ಡ ಕೆರೆಯುತ್ತ ನಿಂತಿದ್ದರು. "ಬೇಟಿ, ಈಕಿಗೆ ನೀನರ ತಿಳಿಸಿ ಹೇಳು. ನಸುಕಿನ ಬಸ್ಸಿಗೆ ಬಂದಾಳ, ಸೈಕಲ್ ಕಲಸಂದ್ರ ಕಲಸು ಅಂತ ಹಟ ಹಿಡದಾಳ."

"ನಿಮ್ಮ ಹರಕಿ ನೀವು ತೀರಿಸಿದ್ರಿ. ನಾನೂ ಆವತ್ತ ಬಾವಿ ಮುಂದ ನಿಂತು ಒಂದು ಹೊತ್ತೀನ್ರಿ," ಎಂದಳು ಹನುಮವ್ವ. "ಒಂದು ಬ್ಯಾಸಗಿ ಕಡ್ಡಿ ಇಲ್ಲದ ಹ್ವಾದ್ರ, ಕೊಪ್ಪಳದಿಂದ ಕಲ್ಲಬಾವಿಗೆ ಸೈಕಲ್ ತುಳಕೋತ ಬರ್ತೀನಿ ಅಂತ."

ಅಷ್ಟು ದೂರ, ಆ ವಯಸ್ಸಿಗೆ, ಹ್ಯಾಂಡಲ್ ಮುಟ್ಟಿ ಗೊತ್ತಿಲ್ಲದಾಕೆ. ಕಲಿಯಲು ಎಷ್ಟು ದಿನ ಹಿಡಿಯುತ್ತದೋ, ದಾರಿಯಲ್ಲಿ ಏನಾಗುತ್ತದೋ ಎಂದು ನಾನು ಶುರುಮಾಡಿದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಎಲ್ಲಕ್ಕಿಂತ ಎತ್ತರದ ಸೈಕಲ್ಲಿನ ಮೇಲೆ ಕೈಯಿಟ್ಟಳು.

"ಎಷ್ಟ ದಿನಾ ಹಿಡದ್ರೂ ಹಿಡೀಲ್ರಿ. ಹಾದ್ಯಾಗಿನ ಊರಿಗೆಲ್ಲ ಈಗ ಬಸ್ಸಿನ್ಯಾಗ ಬರುವಾಗ ಹೇಳಿ ಬಂದೀನಿ," ಎಂದಳು. "ಗಾಡಿ ಕಟ್ಟಬ್ಯಾಡ್ರಿ ಅಂತ."